ನಾಲ್ಕು ಚೀಲ ಕಾಫಿಯ ಕತೆಯನ್ನು ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. 1988ರ ಕುಯ್ಲಿನ ಸಮಯದಲ್ಲಿ ನಮ್ಮ ಕಣದಿಂದ ನಾಲ್ಕು ಚೀಲ ಕಾಫಿ ಕಳುವಾಯಿತು. ಅಪ್ಪ ತೋಟದ ರೈಟರ್ ಮೇಲೆ ಅನುಮಾನಪಟ್ಟರು. ಹದಿನೈದು ವರ್ಷ ನಮ್ಮಲ್ಲಿ ಲೆಕ್ಕ ಬರೆದಿದ್ದ ಮನುಷ್ಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆ ಖಾಲಿ ಮಾಡಿ ಹೋದರು. ಇಪ್ಪತ್ತು ವರ್ಷ ಕಳೆದ ಮೇಲೆ, ಅಪ್ಪನ ತಿಥಿಯ ದಿನ, ಆ ಚೀಲ ಸಾಗಿಸಿದ್ದು ತಾನೇ ಅಂತ ನಮ್ಮಣ್ಣ ಬಾಯಿಬಿಟ್ಟ. ಅಷ್ಟರಲ್ಲಿ ರೈಟರ್ ತೀರಿಕೊಂಡಿದ್ದರು. ಇದನ್ನು ಚಿತ್ರಕತೆ ಮಾಡಿ ಬರೆಯಬೇಕೆಂದು ನನಗೆ ಆಸೆ. ಅಕ್ಕನ ಮಗ ಬೆಂಗಳೂರಿನಲ್ಲಿ ಕಿರುಚಿತ್ರ ಮಾಡುತ್ತಾನೆ. "ಮಾವ, ತಿಥಿಯಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ, ಈಗ ಎಲ್ಲರೂ ಹಾಗೇ ಮಾಡೋದು" ಅನ್ನುತ್ತಾನೆ. ನನ್ನ ಹೆಂಡತಿ, "ಸೀರಿಯಲ್ ಮಾಡಿದ್ರೆ ಒಂದು ವರ್ಷ ಓಡುತ್ತೆ" ಅನ್ನುತ್ತಾಳೆ. ನನಗಂತೂ ನಡೆದದ್ದನ್ನು ನಡೆದ ಹಾಗೇ ಹೇಳೋದು ಸರಿ ಅನ್ನಿಸುತ್ತದೆ. ಮೂರರಲ್ಲಿ ಯಾವುದು ಸರಿ? ಇನ್ನೊಂದು ಅನುಮಾನ. ಸೀರಿಯಲ್‌ನಲ್ಲಿ ಒಂದು ಕಪಾಳದ ಏಟಿಗೆ ಮೂರು ದಿನ ಬೇಕು, ಸಿನಿಮಾದಲ್ಲಿ ಒಂದೇ ಹಾಡಿನಲ್ಲಿ 20 ವರ್ಷ ಕಳೆದುಹೋಗುತ್ತದೆ. ಯಾಕೆ ಹೀಗೆ? (ಕಳವಾದಾಗ ನನಗೆ ಹತ್ತು ವರ್ಷ. ಆ ರಾತ್ರಿ ಜೀಪಿನ ಸದ್ದು ಕೇಳಿಸಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.)

ಉತ್ತರ: ಗುರುತು ಸಿಗದಿರಲಿ ಎಂದು ನಿಮ್ಮ ಪತ್ರದ ಒಂದೆರಡು ವಿವರ ಬದಲಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೊನೆಯಲ್ಲಿ ಕಂಸದೊಳಗೆ ಹಾಕಿದ್ದೀರಲ್ಲ, ಆ ನಾಲ್ಕು ಸಾಲು, ಅದಕ್ಕೆ ಆಮೇಲೆ ಬರುತ್ತೇನೆ.

ತೋಟದ ಕಡೆಯವರಿಗೆ ರೈಟರ್ ಅಂದರೆ ಹಾಜರಿ ಬರೆಯುವವನು. ನಾನು ಬೆಂಗಳೂರಿನಲ್ಲಿ ಸೀರಿಯಲ್ ಬರೆಯುತ್ತಿದ್ದ ಕಾಲದಲ್ಲಿ ಸಕಲೇಶಪುರದ ನೆಂಟರೊಬ್ಬರು ಮದುವೆ ಮನೆಯಲ್ಲಿ ಸಿಕ್ಕಿದ್ದರು. ಏನು ಕೆಲಸ ಅಂತ ಕೇಳಿದರು. ರೈಟರ್ ಅಂದೆ. "ಯಾವ ಎಸ್ಟೇಟು?" ಅಂದರು. ಅವತ್ತು ನಗು ಬಂತು. ಈಗ ಹಾಸನಕ್ಕೆ ವಾಪಸ್ ಬಂದು ಹುಡುಗರಿಗೆ ಚಿತ್ರಕತೆ ಹೇಳಿಕೊಡುವಾಗ ಅದೇ ಮಾತನ್ನು ಗಂಭೀರವಾಗಿ ಹೇಳುತ್ತೇನೆ. ಎರಡೂ ರೈಟರ್ ಕೆಲಸಕ್ಕೆ ಜಾಸ್ತಿ ವ್ಯತ್ಯಾಸ ಇಲ್ಲ. ಯಾರು ಎಲ್ಲಿದ್ದರು, ಎಷ್ಟು ಹೊತ್ತಿಗೆ ಬಂದರು, ಏನು ಕಂಡರು. ಇಷ್ಟನ್ನು ಸರಿಯಾಗಿ ಬರೆದಿಟ್ಟುಕೊಂಡರೆ ಅರ್ಧ ಕತೆ ಆಯಿತು.

ನಿಮ್ಮ ಎರಡನೇ ಅನುಮಾನವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮೂರಲ್ಲಿ ಯಾರೋ ಯಾರಿಗೋ ನಾಲ್ಕು ಜನರೆದುರು ಕಪಾಳಕ್ಕೆ ಹೊಡೆದರು ಅಂದುಕೊಳ್ಳಿ. ಹೊಡೆಯುವುದಕ್ಕೆ ಎಷ್ಟು ಹೊತ್ತು ಬೇಕು? ಕಣ್ಣು ಮುಚ್ಚಿ ತೆರೆಯುವಷ್ಟು. ಅದರ ಮಾತು ಎಷ್ಟು ದಿನ ನಡೆಯುತ್ತದೆ? ಅಂಗಡಿ ಜಗಲಿಯಲ್ಲಿ ಎರಡು ದಿನ, ಸಂತೆಯಲ್ಲಿ ಒಂದು ದಿನ, ಹೊಡೆಸಿಕೊಂಡವರ ಅತ್ತೆ ಮನೆಯಲ್ಲಿ ಒಂದು ತಿಂಗಳು. ಸೀರಿಯಲ್‌ಗೆ ಬೇಕಾಗಿರುವುದು ಆ ಮಾತು. ಏಟು ಬಿದ್ದ ಕೂಡಲೇ ಕ್ಯಾಮೆರಾ ಅತ್ತೆಯ ಮುಖಕ್ಕೆ, ನಾದಿನಿಯ ಮುಖಕ್ಕೆ, ಬಾಗಿಲ ಹಿಂದೆ ನಿಂತ ಕೆಲಸದವಳ ಮುಖಕ್ಕೆ ಹೋಗುತ್ತದೆ. ನಾವು ಇದನ್ನು ರಿಯಾಕ್ಷನ್ ಅನ್ನುತ್ತೇವೆ. ನೋಡುವವರು ಬೈಯುತ್ತಾರೆ, ಎಳೀತಾರೆ ಅಂತ. ಎಳೆಯುವುದೂ ನಿಜ. ಆದರೆ ಆ ಒಂದೊಂದು ಮುಖದಲ್ಲೂ ಒಂದು ಬೇರೆ ಲೆಕ್ಕ ನಡೆಯುತ್ತಿರುತ್ತದೆ. ಯಾರಿಗೆ ಖುಷಿಯಾಯಿತು, ಯಾರಿಗೆ ಭಯವಾಯಿತು, ಯಾರು ಇದನ್ನು ನಾಳೆ ಉಪಯೋಗಿಸಿಕೊಳ್ಳುತ್ತಾರೆ. ನಿಮ್ಮ ಮನೆಯವರು ಟಿವಿ ಮುಂದೆ ಕೂತು ಓದುತ್ತಿರುವುದು ಆ ಲೆಕ್ಕವನ್ನು.

ಎಳೆಯುವುದಕ್ಕೆ ಬೇರೆ ಕಾರಣಗಳೂ ಇವೆ, ಅವು ಕತೆಗಿಂತ ವ್ಯವಹಾರಕ್ಕೆ ಸೇರಿದವು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಇಪ್ಪತ್ತು ಇಪ್ಪತ್ತೆರಡು ನಿಮಿಷ ಕತೆ. ವಾರಕ್ಕೆ ಐದು ಆರು ದಿನ. ಅಷ್ಟು ಬರೆದು, ಶೂಟ್ ಮಾಡಿ, ಎಡಿಟ್ ಮಾಡಿ ಕಳಿಸಬೇಕು. ಹಾಗಾಗಿ ಒಂದೇ ಮನೆಯಲ್ಲಿ, ಒಂದೇ ದಿನ, ನಾಲ್ಕೈದು ಸಂಚಿಕೆಯ ಸೀನುಗಳನ್ನು ಒಟ್ಟಿಗೆ ತೆಗೆಯುತ್ತಾರೆ. ಹೊರಗೆ ಹೋಗುವ ಸೀನಿಗೆ ಖರ್ಚು ಜಾಸ್ತಿ. ಹಜಾರದಲ್ಲಿ ನಿಂತು ಮಾತಾಡುವುದಕ್ಕೆ ಖರ್ಚು ಕಡಿಮೆ. ನಟರಿಗೆ ಡೇಟ್ಸ್ ಇಲ್ಲದಿದ್ದರೆ ಪಾತ್ರ ದಿಢೀರನೆ ದೆಹಲಿಗೆ ಹೋಗುತ್ತದೆ, ಇಲ್ಲವೇ ಆಸ್ಪತ್ರೆ ಸೇರುತ್ತದೆ. ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ನಂಬರ್, ಚೆನ್ನಾಗಿ ಬಂದ ಟ್ರ್ಯಾಕನ್ನು ಯಾರೂ ಮುಗಿಸಲು ಬಿಡುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ, ಅದು ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಹೋಗುತ್ತದೆ, ಅಲ್ವಾ? ನಾಲ್ಕನೇ ದಿನ ಟಿವಿ ಹಾಕಿದಾಗ ನಿಮ್ಮ ಮನೆಯವರಿಗೆ ಕತೆ ಅರ್ಥವಾಗದೆ ಹೋಗುತ್ತದೆಯೇ? ಇಲ್ಲ. ಎರಡು ನಿಮಿಷದಲ್ಲಿ ಎಲ್ಲ ತಿಳಿದುಬಿಡುತ್ತದೆ. ಅದು ಹಾಗೇ ಕಟ್ಟಿದ್ದು. ಒಗ್ಗರಣೆ ಹಾಕುತ್ತಾ ನೋಡುವವರಿಗೆ, ಎರಡು ದಿನ ಬಿಟ್ಟು ನೋಡುವವರಿಗೆ, ಅಡುಗೆ ಮನೆಯಿಂದ ಬರೀ ಕೇಳಿಸಿಕೊಳ್ಳುವವರಿಗೆ ಅಂತಲೇ ಒಂದೇ ವಿಷಯವನ್ನು ಮೂರು ಜನರ ಬಾಯಲ್ಲಿ ಮೂರು ಸಲ ಹೇಳಿಸುತ್ತೇವೆ. ಸಿನಿಮಾ ಹಾಗಲ್ಲ. ನೀವು ದುಡ್ಡು ಕೊಟ್ಟು, ಕತ್ತಲಲ್ಲಿ, ಫೋನ್ ಜೇಬಿನಲ್ಲಿಟ್ಟು ಎರಡೂವರೆ ಗಂಟೆ ಕೂತಿದ್ದೀರಿ. ನಿಮ್ಮ ಪೂರ್ತಿ ಗಮನ ಅದರ ಕೈಯಲ್ಲಿದೆ. ಹಾಗಾಗಿ ಓಡುತ್ತಿರುವ ಹುಡುಗನ ಕಾಲು ತೋರಿಸಿ, ಮರುಕ್ಷಣ ದೊಡ್ಡವನ ಕಾಲು ತೋರಿಸಿದರೆ ಸಾಕು. 20 ವರ್ಷ ಕಳೆಯಿತು ಅಂತ ನೀವೇ ಒಪ್ಪಿಕೊಳ್ಳುತ್ತೀರಿ.

ಸಿನಿಮಾದಲ್ಲಿ ನಮಗೆ ಇನ್ನೊಂದು ವಿಚಿತ್ರ ಇದೆ, ಇಂಟರ್ವಲ್. ಬೇರೆ ಎಷ್ಟೋ ದೇಶಗಳಲ್ಲಿ ಸಿನಿಮಾ ಒಂದೇ ಉಸಿರಿಗೆ ಮುಗಿಯುತ್ತದೆ. ನಮ್ಮಲ್ಲಿ ನಡುವೆ ಒಂದು ಬಾಗಿಲು ಇಟ್ಟಿದ್ದೇವೆ. ಬೋಂಡ ತಿನ್ನಲು ಎದ್ದು ಹೋದವನು ವಾಪಸ್ ಬಂದು ಕೂರುವಂಥದ್ದೇನಾದರೂ ಅಲ್ಲಿ ಆಗಬೇಕು. ಹಾಗಾಗಿ ನಮ್ಮ ಚಿತ್ರಕತೆಗೆ ಎರಡು ಶಿಖರ. ನಿಮ್ಮ ಕತೆ ಸಿನಿಮಾ ಆದರೆ ಇಂಟರ್ವಲ್ ಎಲ್ಲಿ ಬರುತ್ತದೆ? ರೈಟರ್ ಮನೆ ಖಾಲಿ ಮಾಡುವಾಗ ಅಂತ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ನಾನು ಅಲ್ಲಿ ಇಡುವುದಿಲ್ಲ. ಕಾರಣ ಕೊನೆಯ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ನಿಮ್ಮ ಹೆಂಡತಿಯವರ ಸಲಹೆಯನ್ನು ತಳ್ಳಿಹಾಕಬೇಡಿ. ಒಂದು ವರ್ಷ ಓಡುತ್ತದೆ ಅನ್ನುವ ಅವರ ಲೆಕ್ಕ ಸರಿ. ಆದರೆ ಅದಕ್ಕೆ ಕೊಡಬೇಕಾದ ಬೆಲೆ ನನಗೆ ಗೊತ್ತು. ವರ್ಷಗಳ ಹಿಂದೆ ಒಂದು ಸೀರಿಯಲ್‌ಗೆ ನಾನು ಇಂಥದ್ದೇ ಒಂದು ಗುಟ್ಟು ಬರೆದಿದ್ದೆ. ಮಗು ಯಾರದ್ದು ಅನ್ನುವ ಗುಟ್ಟು. ಆರು ವಾರಕ್ಕೆ ಒಡೆಯಬೇಕು ಅಂತ ನನ್ನ ಲೆಕ್ಕ. ನಂಬರ್ ಚೆನ್ನಾಗಿ ಬಂತು ಅಂತ ಅದನ್ನು ಎಂಟು ತಿಂಗಳು ಹಿಡಿದಿಟ್ಟರು. ಗುಟ್ಟನ್ನು ಉಳಿಸಬೇಕಾದರೆ ಗೊತ್ತಿರುವವರು ಬಾಯಿ ಬಿಡಬಾರದು, ಗೊತ್ತಿಲ್ಲದವರು ಕೇಳಬಾರದು. ಹೇಳಲು ಹೊರಟವಳಿಗೆ ಕೆಮ್ಮು ಬರಬೇಕು, ಪತ್ರ ಗಾಳಿಗೆ ಹಾರಬೇಕು, ಫೋನಿನ ಚಾರ್ಜ್ ಮುಗಿಯಬೇಕು. ಎಲ್ಲವನ್ನೂ ನಾನೇ ಬರೆದೆ. ಕೊನೆಗೆ ಅರಸೀಕೆರೆಯ ನನ್ನ ಚಿಕ್ಕಮ್ಮ ಫೋನ್ ಮಾಡಿ, "ಅಲ್ವೋ, ಆ ಹುಡ್ಗಿ ಓದಿದವಳು ತಾನೇ? ಎದುರಿಗೆ ನಿಂತು ಒಂದ್ ಮಾತು ಕೇಳಕ್ಕೆ ಏನ್ ಧಾಡಿ ಅವಳಿಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಟ್ಟು ಕಾಪಾಡಲು ಹೋಗಿ ಪಾತ್ರಗಳನ್ನೆಲ್ಲ ದಡ್ಡರನ್ನಾಗಿ ಮಾಡಿದ್ದೆ. ನಿಮ್ಮ ರೈಟರ್ ದಡ್ಡರಾಗಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಹದಿನೈದು ವರ್ಷ ಲೆಕ್ಕ ಬರೆದವರಿಗೆ ಚೀಲ ಎಲ್ಲಿ ಹೋಯಿತು ಅನ್ನುವ ಅಂದಾಜು ಇದ್ದಿರಲೇಬೇಕು. ಸುಮ್ನೆ ಯೋಚಿಸಿ ನೋಡಿ.

ಟಿವಿ ಅಂದರೆ ಯಾವಾಗಲೂ ಹೀಗೇ ಇತ್ತು ಅಂತಲ್ಲ. ದೂರದರ್ಶನದ ಕಾಲದಲ್ಲಿ ಹದಿಮೂರು ಸಂಚಿಕೆಗೆ ಅಂತ ಬರೆಯುತ್ತಿದ್ದರು, ವಾರಕ್ಕೊಂದು. ಬರೆಯುವವರಿಗೆ ಕೊನೆ ಮೊದಲೇ ಗೊತ್ತಿರುತ್ತಿತ್ತು. 80ರ ದಶಕದಲ್ಲಿ ಶಂಕರ್ ನಾಗ್ ನಿಮ್ಮ ಪಕ್ಕದ ಆಗುಂಬೆಗೆ ಬಂದು ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕತೆಗಳನ್ನು ಚಿತ್ರಿಸಿದಾಗ ಬಹಳಷ್ಟು ಸಂಚಿಕೆಗಳು ಆ ದಿನಕ್ಕೇ ಮುಗಿಯುವ ಕತೆಗಳು. ಊರು ಒಂದೇ, ಕತೆ ಬೇರೆ ಬೇರೆ. ಈಗಿನ ವೆಬ್ ಸರಣಿಗಳಲ್ಲಿ ಎಂಟೋ ಹತ್ತೋ ಸಂಚಿಕೆ ಒಂದೇ ರಾತ್ರಿ ಬಂದು ಕೂರುತ್ತವೆ. ಅರ್ಥವಾಗದಿದ್ದರೆ ಗುಂಡಿ ಒತ್ತಿ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ನಿಮ್ಮ ಅಕ್ಕನ ಮಗ ಹೇಳುವ ಹಿಂದೆ ಮುಂದೆ ಓಡಾಟ ಈಗ ಜಾಸ್ತಿಯಾಗಿರುವುದಕ್ಕೆ ಆ ಗುಂಡಿಯೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಥಿಯೇಟರಿನಲ್ಲಿ ಹಿಂದಕ್ಕೆ ಓಡಿಸುವ ಗುಂಡಿ ಇಲ್ಲ.

ಈಗ ನಿಮ್ಮ ಆಸೆ, ನಡೆದದ್ದನ್ನು ನಡೆದ ಹಾಗೆ ಹೇಳುವುದು. ಇದನ್ನು ಹಳೇ ಶೈಲಿ ಅಂತ ಯಾರಾದರೂ ಅಂದರೆ 1974ರ 'ಭೂತಯ್ಯನ ಮಗ ಅಯ್ಯು' ತೋರಿಸಿ. ಕತೆ ಹಾಸನ ಜಿಲ್ಲೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರರದು, ಸಿದ್ದಲಿಂಗಯ್ಯನವರು ಚಿತ್ರೀಕರಣ ಮಾಡಿದ್ದು ಚಿಕ್ಕಮಗಳೂರಿನ ಹತ್ತಿರದ ಕಳಸಾಪುರದಲ್ಲಿ. ಅಪ್ಪ ಊರಿಗೆ ಮಾಡಿದ ಅನ್ಯಾಯ ಮಗನ ತಲೆಗೆ ಬಂದು ಕೂರುತ್ತದೆ. ಅಲ್ಲಿ ಕಾಲವನ್ನು ಹಿಂದೆ ಮುಂದೆ ಮಾಡಿದ್ದರೆ ಸಿನಿಮಾ ಕೆಟ್ಟುಹೋಗುತ್ತಿತ್ತು. ಯಾಕೆಂದರೆ ದ್ವೇಷ ಅಲ್ಲಿ ಬಡ್ಡಿಯ ಹಾಗೆ ಬೆಳೆಯುತ್ತದೆ. ಬಡ್ಡಿ ಬೆಳೆಯುವುದನ್ನು ತೋರಿಸಬೇಕಾದರೆ ದಿನದ ಮೇಲೆ ದಿನ ಇಡಲೇಬೇಕು.

ನೇರ ದಾರಿಗೆ ಒಂದು ಅಪಾಯ ಇದೆ. 'ಆಮೇಲೆ ಏನಾಯಿತು' ಅಂತ ಪ್ರೇಕ್ಷಕ ಕೇಳುತ್ತಲೇ ಇರಬೇಕು. ನಿಮ್ಮ ಕತೆಯಲ್ಲಿ ಕಳವಿಗೂ ತಿಥಿಗೂ ನಡುವೆ 20 ವರ್ಷ ಏನೂ ಆಗುವುದಿಲ್ಲ. ರೈಟರ್ ಹೋದರು, ತೋಟ ನಡೆಯಿತು, ಅಷ್ಟೇ. ಆ ಖಾಲಿ ಜಾಗದಲ್ಲಿ ಕತೆ ಕುಸಿಯುತ್ತದೆ.

ಬೇಕಾದರೆ ಕಾಲವನ್ನು ಕಿರಿದು ಮಾಡಬಹುದು. 2016ರ 'ತಿಥಿ'ಯಲ್ಲಿ ರಾಮ್ ರೆಡ್ಡಿ ಮಾಡಿದ್ದು ಅದನ್ನೇ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ, ಹನ್ನೊಂದನೇ ದಿನ ತಿಥಿ. ಕತೆಗೆ ಒಂದು ಗಡುವು ಸಿಕ್ಕಿತು. ಮಗ, ಮೊಮ್ಮಗ, ಮರಿಮಗ ಮೂರು ದಿಕ್ಕಿಗೆ ಹೋದರೂ ಹನ್ನೊಂದನೇ ದಿನ ಒಂದೇ ಪಂಕ್ತಿಗೆ ಬರಲೇಬೇಕು. ನಿಮ್ಮಲ್ಲೂ ಅಂಥ ಗಡುವು ಇದೆ, ನೀವು ಗಮನಿಸಿಲ್ಲ. ಬಟವಾಡೆ! ಗುರುವಾರ ಬೆಳಿಗ್ಗೆ ಚೀಲ ಎಣಿಸಿದಾಗ ನಾಲ್ಕು ಕಡಿಮೆ ಅಂದುಕೊಳ್ಳಿ. ಶನಿವಾರ ಆಳುಗಳಿಗೆ ಬಟವಾಡೆ. ಲೆಕ್ಕದ ಪುಸ್ತಕ ತೆರೆದು ಹೆಸರು ಕರೆಯಬೇಕಾದವರು ಅದೇ ರೈಟರ್. ಕಳ್ಳ ಅನ್ನಿಸಿಕೊಂಡ ಮನುಷ್ಯ ಆಳುಗಳ ಎದುರು ಕೂತು ದುಡ್ಡು ಎಣಿಸಿ ಕೊಡುವುದು ಹೇಗೆ? ನಿಮ್ಮಪ್ಪ ಆ ಶನಿವಾರದೊಳಗೆ ತೀರ್ಮಾನಕ್ಕೆ ಬರಬೇಕಿತ್ತು. ಮೂರು ದಿನದ ಕತೆ. ಬರೀ ಇಷ್ಟನ್ನೇ ತೆಗೆದುಕೊಂಡರೂ ಒಂದು ಒಳ್ಳೆಯ ಸಿನಿಮಾ ಆಗುತ್ತದೆ, ತಿಥಿಯ ಸೀನ್ ಇಲ್ಲದೆಯೂ.

ಅಕ್ಕನ ಮಗನ ದಾರಿಗೆ ಬರೋಣ. ಕೊನೆಯಿಂದ ಶುರು ಮಾಡುವುದು. ಇದು ಬೆಂಗಳೂರಿನ ಹುಡುಗರು ನಿನ್ನೆ ಕಂಡುಹಿಡಿದದ್ದಲ್ಲ. ಒಂದು ಭಾನುವಾರ ಅವನನ್ನು ಕರೆದುಕೊಂಡು ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿಬನ್ನಿ. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ. ಮಂಟಪದ ಹೊರಗೋಡೆಯಲ್ಲಿ 140 ಫಲಕಗಳಲ್ಲಿ ಕತೆ ಕೆತ್ತಿದ್ದಾರೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕತೆಗೆ 25, ಮಹಾಭಾರತಕ್ಕೆ 45. ಇವು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ, ಹೊಯ್ಸಳರ ವಾಡಿಕೆಯಂತೆ. ದಕ್ಷಿಣದಲ್ಲಿ ರಾಮಾಯಣಕ್ಕೆ 70 ಫಲಕ. ಅದು ಮಾತ್ರ ಉಲ್ಟಾ, ಅಪ್ರದಕ್ಷಿಣವಾಗಿ ಹೋಗುತ್ತದೆ. ಅಂದರೆ ಎಲ್ಲರ ಹಾಗೆ ಪ್ರದಕ್ಷಿಣೆ ಹಾಕುವವನಿಗೆ ರಾಮಾಯಣ ಕೊನೆಯಿಂದ ಮೊದಲಿಗೆ ಎದುರಾಗುತ್ತದೆ! ಆದರೂ ಯಾರೂ ಗಲಿಬಿಲಿಯಾಗುವುದಿಲ್ಲ. ಯಾಕೆ? ಕತೆ ಗೊತ್ತಿದೆ. ಏನಾಗುತ್ತದೆ ಅನ್ನುವ ಕುತೂಹಲ ಮುಗಿದಿದೆ. ಈ ಶಿಲ್ಪಿ ಆ ಗಳಿಗೆಯನ್ನು ಹೇಗೆ ತೋರಿಸಿದ ಅಂತ ನೋಡುತ್ತಾ ನಿಲ್ಲುತ್ತೇವೆ.

ಯಕ್ಷಗಾನದ ಪ್ರಸಂಗವನ್ನು ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲೂ ಅಷ್ಟೇ. ವೇಷ ಇಲ್ಲ, ಕುಣಿತ ಇಲ್ಲ, ಕರ್ಣ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಆದರೂ ಕೊಪ್ಪ, ಶೃಂಗೇರಿ ಕಡೆ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಿದ್ದರು. ಇವತ್ತು ಪಾತ್ರದ ಮಾತು ಆಡುವ ಅರ್ಥಧಾರಿ ಕರ್ಣನ ಪರವಾಗಿ ಯಾವ ಹೊಸ ಮಾತು ಆಡುತ್ತಾನೆ ಅನ್ನುವುದಕ್ಕಾಗಿ.

ಹಾಗಾಗಿ ಕೊನೆಯನ್ನು ಮೊದಲೇ ಹೇಳಿಬಿಟ್ಟರೆ 'ಏನಾಯಿತು' ಅನ್ನುವ ಪ್ರಶ್ನೆ ಸಾಯುತ್ತದೆ, ಅದರ ಜಾಗಕ್ಕೆ ಇನ್ನೊಂದು ಪ್ರಶ್ನೆ ಬರಬೇಕು. ಬರದಿದ್ದರೆ ಬರೀ ಗಿಮಿಕ್. 2014ರ 'ದೃಶ್ಯ' ನೋಡಿದ್ದೀರಲ್ಲ? ಮಲಯಾಳದಿಂದ ಬಂದ ಕತೆ. ಅಲ್ಲಿ ಸಾವು ಹೇಗಾಯಿತು, ಯಾರಿಂದಾಯಿತು ಎಲ್ಲವನ್ನೂ ನಮ್ಮ ಕಣ್ಣೆದುರೇ ತೋರಿಸುತ್ತಾರೆ. ಪೊಲೀಸರಿಗಿಂತ ನಮಗೇ ಜಾಸ್ತಿ ಗೊತ್ತು ಅಂತ ಬೀಗುತ್ತಾ ಕೂತಿರುತ್ತೇವೆ. ಆದರೆ ಒಂದೇ ಒಂದು ಸಂಗತಿಯನ್ನು ನಮ್ಮಿಂದಲೂ ಮುಚ್ಚಿಟ್ಟಿರುತ್ತಾರೆ. ಅದನ್ನು ಇಲ್ಲಿ ಹೇಳಿದರೆ ನೋಡದವರು ನನ್ನನ್ನು ಬಿಡುವುದಿಲ್ಲ. ಗುಟ್ಟು ಒಂದೇ ಇರಬೇಕಾಗಿಲ್ಲ ಅನ್ನುವುದು ವಿಷಯ. ಒಂದನ್ನು ಬಿಚ್ಚಿಟ್ಟು ಅದರ ಬೆಳಕಿನಲ್ಲೇ ಇನ್ನೊಂದನ್ನು ಮರೆ ಮಾಡಬಹುದು.

ನಿಮ್ಮ ಅಕ್ಕನ ಮಗನನ್ನು ಕೇಳಿ: ಅಣ್ಣನೇ ಕಳ್ಳ ಅಂತ ಮೊದಲ ಸೀನಿನಲ್ಲೇ ಹೇಳಿಬಿಟ್ಟರೆ, ಆಮೇಲೆ ನಮ್ಮನ್ನು ಎರಡು ಗಂಟೆ ಕೂರಿಸುವುದು ಯಾವುದು? ಅವನ ಬಳಿ ಉತ್ತರ ಇದ್ದರೆ ಧಾರಾಳವಾಗಿ ಹಿಂದಕ್ಕೆ ಹೋಗಲಿ. ಇಲ್ಲದಿದ್ದರೆ ಬೇಡ.

ಒಂದು ವೇಳೆ ಹೋಗುವುದೇ ಆದರೆ, 'ಇಪ್ಪತ್ತು ವರ್ಷಗಳ ಹಿಂದೆ' ಅಂತ ಪರದೆ ಮೇಲೆ ಬರೆಯಬೇಡಿ. ನಿಮ್ಮ ತೋಟವೇ ದೊಡ್ಡ ಕ್ಯಾಲೆಂಡರ್. 1988ರಲ್ಲಿ ಎದೆಯೆತ್ತರ ಇದ್ದ ಸಿಲ್ವರ್ ಮರ 2008ಕ್ಕೆ ಆಕಾಶ ಮುಟ್ಟಿರುತ್ತದೆ, ಮೈತುಂಬ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಸಗಣಿ ಸಾರಿಸಿದ ಕಣ ಸಿಮೆಂಟ್ ಕಣವಾಗಿರುತ್ತದೆ. ಒಂದೇ ಜಾಗದಲ್ಲಿ ಕ್ಯಾಮೆರಾ ಇಟ್ಟು ಇಷ್ಟನ್ನು ತೋರಿಸಿದರೆ ಬೆಂಗಳೂರಿನವನಿಗೂ ಕಾಲ ಬದಲಾದದ್ದು ತಿಳಿಯುತ್ತದೆ. 2013ರ 'ಲೂಸಿಯಾ'ದಲ್ಲಿ ಪವನ್ ಕುಮಾರ್ ಎರಡು ಬದುಕನ್ನು ಬೇರೆ ಮಾಡಿ ತೋರಿಸಲು ಒಂದಕ್ಕೆ ಬಣ್ಣ, ಇನ್ನೊಂದಕ್ಕೆ ಕಪ್ಪುಬಿಳುಪು ಕೊಟ್ಟರು. ಸಿನಿಮಾ ಎಷ್ಟೇ ಸುತ್ತಾಡಿದರೂ ಆ ಒಂದು ಗುರುತನ್ನು ಹಿಡಿದುಕೊಂಡು ನಾವು ಹಿಂದೆ ಹೋಗಬಹುದು.

ನೀವು ಮೂವರೂ ಹೇಳದ ನಾಲ್ಕನೇ ದಾರಿಯೊಂದಿದೆ. ಒಬ್ಬೊಬ್ಬರ ಕಡೆಯಿಂದ ಹೇಳುವುದು. ಜಪಾನಿನ ಕುರೊಸಾವಾ 1950ರಲ್ಲಿ 'ರಶೋಮನ್' ಮಾಡಿದರು. ಒಂದು ಸಾವು, ನಾಲ್ಕು ಹೇಳಿಕೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಸತ್ತವನೂ ಮೈಮೇಲೆ ಬಂದು ತನ್ನ ಪಾಲಿನದನ್ನು ಹೇಳುತ್ತಾನೆ! 2014ರಲ್ಲಿ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ' ಮಾಡಿದಾಗ ಮಲ್ಪೆಯ ಒಂದು ಘಟನೆಯನ್ನು ಸುತ್ತಲಿನವರ ಕಣ್ಣಿನಿಂದ ಬಿಡಿಬಿಡಿಯಾಗಿ ಕೊಟ್ಟರು. ಥಿಯೇಟರಿನಲ್ಲಿ ಆಗ ಎಷ್ಟೋ ಜನ ತಲೆ ಕೆರೆದುಕೊಂಡದ್ದೂ ನಿಜ, ಆಮೇಲೆ ಅದನ್ನು ತಲೆಮೇಲೆ ಹೊತ್ತು ಮೆರೆಸಿದ್ದೂ ನಿಜ.

ನಿಮ್ಮ ಕತೆಗೆ ಈ ದಾರಿ ಅಷ್ಟಾಗಿ ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಜ ಏನು ಅನ್ನುವುದೇ ಗೊತ್ತಾಗದ ಕಡೆ ಇದು ಚೆನ್ನ. ನಿಮ್ಮಲ್ಲಿ ನಿಜ ಗೊತ್ತಾಗಿದೆ, ಅಣ್ಣನೇ ಹೇಳಿದ್ದಾನೆ. ಅಪ್ಪನಿಗೊಂದು ಭಾಗ, ಅಣ್ಣನಿಗೊಂದು ಭಾಗ, ರೈಟರ್‌ಗೊಂದು ಭಾಗ ಅಂತ ಹಂಚಿದರೆ ಅದು ಆಸ್ತಿ ಪಾಲು ಮಾಡಿದ ಹಾಗಾಗುತ್ತದೆ.

ಈಗ ಕಂಸಕ್ಕೆ ಬರುತ್ತೇನೆ.

"ಆ ರಾತ್ರಿ ಜೀಪಿನ ಸದ್ದು ಕೇಳಿಸಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಇಷ್ಟು ದೊಡ್ಡ ಪತ್ರದಲ್ಲಿ ಅಪ್ಪನ ಬಗ್ಗೆ ಬರೆದಿರಿ, ಅಣ್ಣನ ಬಗ್ಗೆ ಬರೆದಿರಿ, ಸೀರಿಯಲ್ ಬಗ್ಗೆ ಬರೆದಿರಿ. ನಿಮ್ಮನ್ನು ಮಾತ್ರ ಕೊನೆಯಲ್ಲಿ ಕಂಸದೊಳಗೆ ಕೂರಿಸಿದಿರಿ. ನನಗೆ ಪತ್ರ ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ಉಳಿದದ್ದು ಅದೊಂದೇ. ಕತೆ ಎಲ್ಲಿಂದ ಶುರು ಮಾಡಬೇಕು ಅಂತ ನೀವು ಕೇಳಿದಿರಿ. ಯಾರು ಹೇಳುತ್ತಿದ್ದಾರೆ ಅನ್ನುವುದು ತೀರ್ಮಾನವಾಗದೆ ಎಲ್ಲಿಂದ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಇದು ಹಾಸಿಗೆಯಲ್ಲಿ ಮಲಗಿ ಜೀಪಿನ ಸದ್ದು ಕೇಳಿಸಿಕೊಂಡ ಹತ್ತು ವರ್ಷದ ಹುಡುಗನ ಕತೆ.

1977ರ 'ಘಟಶ್ರಾದ್ಧ'ವನ್ನು ಇನ್ನೊಂದು ಸಲ ನೋಡಿ. ಅನಂತಮೂರ್ತಿಯವರ ಕತೆ, ಗಿರೀಶ ಕಾಸರವಳ್ಳಿಯವರ ಮೊದಲ ಸಿನಿಮಾ. ವೇದ ಕಲಿಯಲು ಬಂದ ನಾಣಿ ಅನ್ನುವ ಹುಡುಗನ ಪಕ್ಕದಲ್ಲಿ ಇದ್ದುಕೊಂಡೇ ಯಮುನಕ್ಕನ ಕತೆ ನೋಡುತ್ತೇವೆ. ಅವಳಿಗೆ ಏನಾಗುತ್ತಿದೆ ಅನ್ನುವುದು ಹುಡುಗನಿಗೆ ಪೂರ್ತಿ ತಿಳಿಯುವುದಿಲ್ಲ. ಅವನಿಗೆ ಅವಳ ಮೇಲೆ ಪ್ರೀತಿ ಇದೆ, ಏನೋ ಕೆಟ್ಟದ್ದು ಆಗುತ್ತಿದೆ ಅನ್ನುವ ಹೆದರಿಕೆ ಇದೆ, ಅಷ್ಟೇ. ನಮಗೆ ಅವನಿಗಿಂತ ಜಾಸ್ತಿ ಗೊತ್ತಾಗುತ್ತದೆ. ಅವನು ಕಂಡದ್ದಕ್ಕೂ ನಮಗೆ ಅರ್ಥವಾದದ್ದಕ್ಕೂ ನಡುವಿನ ಆ ಅಂತರದಲ್ಲೇ ಸಂಕಟ ಇರುವುದು. ಅದೇ ಕತೆಯನ್ನು ಊರ ಹಿರಿಯನೊಬ್ಬನ ಕಡೆಯಿಂದ ಹೇಳಿದ್ದರೆ ಅದೊಂದು ಪಂಚಾಯಿತಿಯ ವರದಿ ಆಗುತ್ತಿತ್ತೇನೋ.

ನಿಮ್ಮ ಹುಡುಗನಿಗೆ ಆ ರಾತ್ರಿ ಏನು ಗೊತ್ತಿತ್ತು? ಜೀಪ್ ಬಂತು, ಹೋಯಿತು. ಬೆಳಿಗ್ಗೆ ಏನು ಗೊತ್ತಾಯಿತು? ಚೀಲ ಇಲ್ಲ. ರೈಟರ್‌ಗೆ ಜೀಪ್ ಇಲ್ಲ ಅನ್ನುವುದು ಹತ್ತು ವರ್ಷದವನಿಗೂ ತಿಳಿಯುತ್ತದೆ. ಹಾಗಾದರೆ ಯಾಕೆ ಹೇಳಲಿಲ್ಲ? ಅಪ್ಪನ ಹೆದರಿಕೆಯೋ? ಅಣ್ಣ ಬೆಳಿಗ್ಗೆ ಸುಮ್ಮನೆ ಒಂದು ಸಲ ನೋಡಿದನೋ? ಅಥವಾ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದನೋ? ನನ್ನ ಕೇಳಿದರೆ ಇಂಟರ್ವಲ್ ಇರುವುದು ಇಲ್ಲಿ. ಬಟವಾಡೆ ಶನಿವಾರ, ಅಪ್ಪ ಅಂಗಳದಲ್ಲಿ ನಿಂತು, "ಯಾರಿಗಾದ್ರೂ ಏನಾದ್ರೂ ಗೊತ್ತಿದ್ರೆ ಈಗ್ಲೇ ಹೇಳಿ" ಅನ್ನುತ್ತಾರೆ. ಹುಡುಗ ಬಾಯಿ ತೆರೆಯುತ್ತಾನೆ. ರೈಟರ್ ಅವನ ಕಡೆ ನೋಡುತ್ತಾರೆ. ಹುಡುಗ ಬಾಯಿ ಮುಚ್ಚುತ್ತಾನೆ. ಕತ್ತಲು.

ಆಗ ಆ ಖಾಲಿ 20 ವರ್ಷ ಖಾಲಿಯಾಗಿ ಉಳಿಯುವುದಿಲ್ಲ, ನೋಡಿ. ಅಣ್ಣ ಬಾಯಿಬಿಡುವವರೆಗೂ ತಮ್ಮ ಬಾಯಿ ಬಿಡಲಿಲ್ಲ ಅನ್ನುವುದು ಆ ವರ್ಷಗಳನ್ನು ತುಂಬುತ್ತದೆ. ತಿಥಿಯ ದಿನ ಅಣ್ಣ ಹೇಳಿದಾಗ ಎಲ್ಲರಿಗೂ ಅದು ಹೊಸ ಸುದ್ದಿ. ಒಬ್ಬನಿಗೆ ಮಾತ್ರ ಅಲ್ಲ. ಆ ಒಬ್ಬನ ಮುಖದ ಮೇಲೆ ಕ್ಯಾಮೆರಾ ಇಡಿ. ಸೀರಿಯಲ್‌ನವರು ಮಾಡುವ ರಿಯಾಕ್ಷನ್ ಶಾಟ್ ಅಂತ ನಗಬೇಡಿ, ಇಲ್ಲಿ ಅದರಷ್ಟು ಕೆಲಸ ಮಾಡುವುದು ಬೇರೆ ಯಾವುದೂ ಇಲ್ಲ.

ಈ ದಾರಿ ಹಿಡಿದರೆ ಅಕ್ಕನ ಮಗನಿಗೂ ಅವನ ಪಾಲು ಸಿಗುತ್ತದೆ. ಮೊದಲ ಸೀನಿನಲ್ಲೇ ಜೀಪಿನ ಸದ್ದು ಕೇಳಿಸಬಹುದು, ಕಳ್ಳ ಯಾರೆಂದು ನಾವು ಬೇಗ ಊಹಿಸಬಹುದು. ತೊಂದರೆ ಇಲ್ಲ. ನಮ್ಮನ್ನು ಕೂರಿಸುವ ಪ್ರಶ್ನೆ ಈಗ ಬೇರೆ: ಈ ಹುಡುಗ ಯಾವಾಗ ಹೇಳುತ್ತಾನೆ?

ಸದ್ದನ್ನೇ ನೆಚ್ಚಿಕೊಳ್ಳಿ ಅಂತ ಇನ್ನೊಂದು ಮಾತು. 1987ರ 'ಪುಷ್ಪಕ ವಿಮಾನ'ದಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಇಡೀ ಸಿನಿಮಾವನ್ನು ಮಾತಿಲ್ಲದೆ ಕಟ್ಟಿದರು. ನಾವು ಹೊಸದಾಗಿ ಬರೆಯುವಾಗ ಎಲ್ಲವನ್ನೂ ಡೈಲಾಗಿನಲ್ಲಿ ಹೇಳಿಸಲು ಹೋಗುತ್ತೇವೆ. ನಿಮ್ಮ ಹುಡುಗ ಜೀಪನ್ನು ನೋಡಲೇ ಇಲ್ಲ, ಕೇಳಿಸಿಕೊಂಡ. ಹಾಗಾದರೆ ಪ್ರೇಕ್ಷಕರಿಗೂ ಜೀಪ್ ತೋರಿಸಬೇಡಿ. ಹಂಚಿನ ಸಂದಿಯಲ್ಲಿ ಬೆಳಕು ಹಾದುಹೋದದ್ದು, ನಾಯಿ ಬೊಗಳಿ ಥಟ್ಟನೆ ಸುಮ್ಮನಾದದ್ದು. ನಾಯಿ ಸುಮ್ಮನಾಯಿತು ಅಂದರೆ ಬಂದವನು ಮನೆಯವನೇ.

ಪ್ರತಿಯೊಂದನ್ನೂ ಒಂದೇ ಸಲ ತೋರಿಸಿ ಮುಗಿಸಬೇಕು ಅಂತಲೂ ಇಲ್ಲ. ನಿಮ್ಮ ಮೂಡಿಗೆರೆಯಲ್ಲೇ ಬಾಳಿದ ತೇಜಸ್ವಿಯವರ 'ತಬರನ ಕತೆ' ಕಾಸರವಳ್ಳಿಯವರ ಕೈಯಲ್ಲಿ ಸಿನಿಮಾ ಆಗಿದೆ. ಪಿಂಚಣಿಗಾಗಿ ತಬರ ಕಚೇರಿಗೆ ಹೋಗುತ್ತಾನೆ, ಮತ್ತೆ ಹೋಗುತ್ತಾನೆ, ಮತ್ತೆ ಹೋಗುತ್ತಾನೆ. ಅದೇ ಮೆಟ್ಟಿಲು, ಅದೇ ಮಾತು. ಇತ್ತ ಹೆಂಡತಿಯ ಕಾಲಿನ ಹುಣ್ಣು ಮಾತ್ರ ಪ್ರತಿ ಸಲವೂ ದೊಡ್ಡದಾಗುತ್ತಿರುತ್ತದೆ. ನಿಮ್ಮಲ್ಲಿ ಆ ಜೀಪಿನ ಸದ್ದು ಹಾಗೆ ಮತ್ತೆ ಮತ್ತೆ ಬರಬಹುದು, ಕಾಲೇಜಿಗೆ ಹೋದಾಗ, ಮದುವೆಯ ಹಿಂದಿನ ರಾತ್ರಿ.

ಬರೆಯುವ ಮುಂಚೆ ಒಂದು ವಿಷಯ ವಿಚಾರಿಸಿಕೊಳ್ಳಿ. 1988 ಅಂದರೆ ಪೂಲ್ ಕಾಲ. ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಇಷ್ಟ ಬಂದವರಿಗೆ ಮಾರುವ ಹಾಗಿರಲಿಲ್ಲ. ಆ ಪದ್ಧತಿ ಹೋದದ್ದು 90ರ ದಶಕದಲ್ಲಿ. ಹಾಗಾದರೆ ಅಣ್ಣ ಆ ನಾಲ್ಕು ಚೀಲವನ್ನು ಯಾರಿಗೆ ಕೊಟ್ಟ? ಕದ್ದುಮುಚ್ಚಿ ಕೊಳ್ಳುವ ಒಬ್ಬ ಇರಲೇಬೇಕು. ಜೀಪ್ ಅವನದೇ ಇರಬಹುದು. ಅವನು ಆಮೇಲೂ ಬಂದಿರಬಹುದು, ಅಪ್ಪನ ಜೊತೆ ಜಗಲಿಯಲ್ಲಿ ಕೂತು ಕಾಫಿ ಕುಡಿದಿರಬಹುದು, ಹುಡುಗ ಲೋಟ ತಂದುಕೊಟ್ಟಿರಬಹುದು. ಅವತ್ತು ಹೊರಡುವಾಗ ಜೀಪ್ ಸ್ಟಾರ್ಟ್ ಆದ ಸದ್ದು ಕೇಳಿ ಹುಡುಗನ ಕೈ ಯಾಕೆ ನಡುಗಿತು ಅಂತ ಅಪ್ಪನಿಗೆ ಗೊತ್ತಾಗದೆಯೂ ಇರಬಹುದು. ಇದನ್ನು ನಾನು ಕಟ್ಟಿ ಹೇಳುತ್ತಿದ್ದೇನೆ, ನಿಮ್ಮಲ್ಲಿ ನಡೆದದ್ದು ಬೇರೆಯೇ ಇದ್ದೀತು. ನಡೆದ ಹಾಗೇ ಬರೆಯಬೇಕು ಅಂದಿರಲ್ಲ, ಹಾಗಾದರೆ ಅಣ್ಣನನ್ನೇ ಕೇಳಬೇಕಾಗುತ್ತದೆ. ಕಷ್ಟದ ಕೆಲಸ, ಗೊತ್ತು.

ಚಿತ್ರಕತೆ ಅಂತ ದೊಡ್ಡದಾಗಿ ಶುರು ಮಾಡಬೇಡಿ. ಮೊದಲು ಆ ರಾತ್ರಿಯ ಒಂದೂವರೆ ಪುಟ ಬರೆಯಿರಿ, ಹುಡುಗ ಮಲಗಿದ ಜಾಗದಿಂದ ಏನೇನು ಕೇಳಿಸುತ್ತಿತ್ತೋ ಅಷ್ಟೇ. ಫ್ಲ್ಯಾಷ್‌ಬ್ಯಾಕ್ ಇಟ್ಟುಕೊಳ್ಳೋಣವೋ ಬೇಡವೋ ಅದನ್ನು ಓದಿ ಮಾತಾಡೋಣ. ಕಳಿಸುವಾಗ ಒಂದು ವಿವರ ಸೇರಿಸಿ, ಪತ್ರದಲ್ಲಿ ಬಿಟ್ಟುಹೋಗಿದೆ. ಮನೆ ಖಾಲಿ ಮಾಡಿದ ದಿನ ರೈಟರ್ ಲೆಕ್ಕದ ಪುಸ್ತಕವನ್ನು ಯಾರ ಕೈಗೆ ಕೊಟ್ಟು ಹೋದರು?